ಬಲಗಡೆಯೂ ಕೆಂಪಾದದ್ದು ಏಕೆ: ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಡುವೆ ಕಂಕುಳ ಬೆವರಿನ ಒಂದು ಪ್ರಕರಣ

ಹಿನ್ನೆಲೆ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಿಕೆ, ವಯಸ್ಸು 47. ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯವರ ವಿವರಗಳನ್ನು ಬದಲಿಸಿದೆ. ಚಿಕಿತ್ಸೆಯ ಕ್ರಮವನ್ನೂ ಎಡವಿದ ಜಾಗಗಳನ್ನೂ ಇದ್ದ ಹಾಗೆಯೇ ಇಟ್ಟಿದೆ. ಊರಿನವರು ಕರೆಯುವ ಹಾಗೆ ಇಲ್ಲಿಯೂ ಅವರು ಟೀಚರ್. ಇದನ್ನು ಬರೆಯುತ್ತಿರುವ ನಾವು ಅವರ ಆರೈಕೆಯ ತಂಡದವರು.

ಎಡ ಸ್ತನದಲ್ಲಿ ಗಡ್ಡೆ. ಆಗಸ್ಟಿನಲ್ಲಿ ಗಡ್ಡೆಯನ್ನಷ್ಟೇ ತೆಗೆದು ಸ್ತನ ಉಳಿಸಿಕೊಂಡ ಶಸ್ತ್ರಚಿಕಿತ್ಸೆ, ಜೊತೆಗೆ ಎಡ ಕಂಕುಳಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದರು. ಸೆಪ್ಟೆಂಬರಿನಿಂದ ಮಾರ್ಚ್ ಆರಂಭದವರೆಗೆ ಕೀಮೋ. ಏಪ್ರಿಲ್ ಮೊದಲ ವಾರ ರೇಡಿಯೇಶನ್ ಶುರು. ಊರಲ್ಲಿ ಎಲ್ಲರೂ ಅದಕ್ಕೆ 'ಕರೆಂಟು ಕೊಡುವುದು' ಎನ್ನುತ್ತಾರೆ. ಸ್ತನಕ್ಕೆ 15 ಸಿಟ್ಟಿಂಗ್‌ಗಳಲ್ಲಿ 40 ಗ್ರೇ (ಕಿರಣದ ಪ್ರಮಾಣದ ಅಳತೆ), ಗಡ್ಡೆ ಇದ್ದ ಜಾಗಕ್ಕೆ ಮತ್ತೆ 5 ಸಿಟ್ಟಿಂಗ್‌ಗಳಲ್ಲಿ 10 ಗ್ರೇ, ಒಟ್ಟು 20. ಗಡ್ಡೆ ಹಾರ್ಮೋನಿಗೆ ಸ್ಪಂದಿಸುವ ಜಾತಿಯದ್ದಾದ ಕಾರಣ ಆಮೇಲೆ ದಿನಕ್ಕೆ 20 ಮಿಲಿಗ್ರಾಂ ಟಾಮೋಕ್ಸಿಫೆನ್ ಮಾತ್ರೆ.

ಆಸ್ಪತ್ರೆ ಇದ್ದದ್ದು ದಕ್ಷಿಣಕ್ಕೆ, ರೈಲಿನಲ್ಲಿ ಎರಡು ತಾಸಿನ ದಾರಿ. ಬೆಳಗ್ಗೆ ಬಸ್ಸು ಹಿಡಿದು ಸ್ಟೇಷನ್, ಅಲ್ಲಿಂದ ಗಾಡಿ, ಮಧ್ಯಾಹ್ನ ಸಿಟ್ಟಿಂಗ್, ಕತ್ತಲಾಗುವ ಹೊತ್ತಿಗೆ ಮನೆ. ಕರಾವಳಿಯ ಏಪ್ರಿಲಿನಲ್ಲಿ ಮೈಮೇಲೆ ಬಂದ ಬೆವರು ಆರುವುದಿಲ್ಲ, ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಮೊದಲ ವಾರ ಕಳೆಯುವಷ್ಟರಲ್ಲಿ ಟೀಚರ್ ರೈಲಿನಲ್ಲಿ ಕೂರುವುದನ್ನು ಬಿಟ್ಟು ಬಾಗಿಲ ಬಳಿ ನಿಲ್ಲತೊಡಗಿದ್ದರು. ಪಕ್ಕದಲ್ಲಿ ಕೂತವರಿಗೆ ತಮ್ಮ ಮೈ ನಾತ ಹೊಡೆಯುತ್ತದೆ ಎಂಬ ಸಂಕೋಚ. ಕೀಮೋದಲ್ಲಿ ಸುಸ್ತಾದ ಮೈ, ಎರಡು ತಾಸು ನಿಂತು ಪ್ರಯಾಣ. ಇದನ್ನು ಅವರು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಬೆವರಿನ ನಾತವೂ ಒಂದು ಕಾಯಿಲೆಯಾ ಎಂದು ಸುಮ್ಮನಿದ್ದರು.

ಮಲೆಯಾಳದ ಒಂದು ಚೀಟಿ

ರೇಡಿಯೇಶನ್ ಶುರುವಾಗುವ ಮೊದಲು ಆಸ್ಪತ್ರೆಯಲ್ಲಿ ಒಂದು ಮುದ್ರಿತ ಚೀಟಿ ಕೊಟ್ಟಿದ್ದರು. ಒಂದು ಬದಿ ಮಲೆಯಾಳ, ಇನ್ನೊಂದು ಬದಿ ಇಂಗ್ಲಿಷ್. ಗಡಿಭಾಗದ ಎಷ್ಟೋ ಕನ್ನಡಿಗರ ಹಾಗೆ ಟೀಚರಿಗೂ ಮಲೆಯಾಳ ಮಾತು ಸಲೀಸು, ಲಿಪಿ ಮಾತ್ರ ತಡವರಿಕೆ. ಇಂಗ್ಲಿಷ್ ಬದಿ ಝೆರಾಕ್ಸಿನಲ್ಲಿ ಅರ್ಧ ಅಳಿಸಿಹೋಗಿತ್ತು. ಪಕ್ಕದ ಮನೆಯ ಹುಡುಗಿ ಮಲೆಯಾಳ ಬದಿಯನ್ನು ಓದಿ ಹೇಳಿದಳು: ಕಕ್ಷದಲ್ಲಿ, ಅಂದರೆ ಕಂಕುಳಲ್ಲಿ, ಡಿಯೋಡರೆಂಟ್, ಪೌಡರ್, ಪರಿಮಳದ ಸಾಬೂನು ಬೇಡ, ಗೆರೆಗಳು ಅಳಿಯಬಾರದು, 'ಉರಸರುತ್'.

ಮಲೆಯಾಳದಲ್ಲಿ 'ಉರಸುಕ' ಎಂದರೆ ಉಜ್ಜುವುದು. ಟೀಚರ ಕಿವಿಗೆ ಅದು ನಮ್ಮ 'ಒರಸು' ಆಗಿ ಕೇಳಿತು. ಉಜ್ಜಬೇಡಿ ಎಂದಿದ್ದದ್ದು ಒರಸಬೇಡಿ ಎಂದಾಯಿತು. ಅಂದಿನಿಂದ ಅವರು ಸ್ನಾನ ಮಾಡಿ ಕಂಕುಳನ್ನು ಬೈರಾಸಿನಿಂದ ಒರಸದೆ ಹಸಿಯಾಗಿಯೇ ಬಿಟ್ಟು ರವಿಕೆ ಹಾಕಿಕೊಳ್ಳುತ್ತಿದ್ದರು. ಮೈಮೇಲೆ ಬರೆದ ಮಾರ್ಕರ್ ಗೆರೆ ಅಳಿದರೆ ಕರೆಂಟು ಬೇರೆ ಕಡೆ ಬೀಳುತ್ತದೆ ಎಂಬ ಹೆದರಿಕೆ ಬೇರೆ. ಹಾಗಾಗಿ ಸಾಬೂನನ್ನೂ ಬಿಟ್ಟರು. ರೋಲ್-ಆನ್ ಬಿಟ್ಟದ್ದು ಎರಡೂ ಕಂಕುಳಿಗೆ. ಬಲಗಡೆಗೆ ಯಾವ ಚಿಕಿತ್ಸೆಯೂ ಇಲ್ಲ ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ಚೀಟಿಯಲ್ಲಿಯೂ ಎಡ, ಬಲ ಎಂದು ಬರೆದಿರಲಿಲ್ಲ.

ಬೇಡ ಎಂದ ವಸ್ತುಗಳ ಪಟ್ಟಿ ಉದ್ದವಿತ್ತು. ಬೆವರು ಬಂದರೆ ಏನು ಮಾಡಬೇಕು ಎಂಬ ಒಂದು ಸಾಲು ಇರಲಿಲ್ಲ. ಬೆವರಂತೂ ಬರುತ್ತಲೇ ಇತ್ತು. ಆ ಜಾಗವನ್ನು ಮನೆಮದ್ದು ತುಂಬಿತು. ಅತ್ತಿಗೆ ಹೇಳಿದರೆಂದು ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿದರು. ಎರಡು ದಿನಕ್ಕೊಮ್ಮೆ ಲಿಂಬೆಹುಳಿಯ ಹೋಳು. ರಾತ್ರಿ, ಗಂಡನ ಕ್ಷೌರದ ಸಾಮಾನಿನ ಜೊತೆ ಇದ್ದ ಪಟಿಕದ ತುಂಡನ್ನು ನೀರಲ್ಲಿ ಅದ್ದಿ ಸವರುವುದು. ಡಿಯೋಡರೆಂಟಿನಲ್ಲಿ ಅಲ್ಯೂಮಿನಿಯಂ ಇದೆ, ಅದು ವಿಷ, ಪಟಿಕವಾದರೆ ಪ್ರಕೃತಿಯದ್ದು ಎಂದು ವಾಟ್ಸಾಪಿನಲ್ಲಿ ಬಂದಿತ್ತು. ಪಟಿಕ ಎಂದರೆ ಅಲ್ಯೂಮಿನಿಯಮ್ಮಿನದೇ ಒಂದು ಲವಣ, ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್. ಯಾವುದಕ್ಕೆ ಹೆದರಿ ರೋಲ್-ಆನ್ ಬಿಟ್ಟಿದ್ದರೋ ಅದನ್ನೇ ಕಲ್ಲಿನ ರೂಪದಲ್ಲಿ ಹಚ್ಚಿಕೊಳ್ಳುತ್ತಿದ್ದರು.

ವಿಷುವಿನ ರಜೆಯ ದಿನ

ಒಂಬತ್ತನೇ ಸಿಟ್ಟಿಂಗ್ ಮುಗಿದ ಮೇಲೆ ವಿಷುವಿನ ರಜೆ ಬಂತು. ಕೇರಳ 2008ರಲ್ಲಿ ಪಾಲಿಯೇಟಿವ್, ಅಂದರೆ ರೋಗಿಯ ನೋವು, ಯಾತನೆ ತಗ್ಗಿಸುವ, ಆರೈಕೆಗೆಂದೇ ಒಂದು ನೀತಿ ತಂದ ಮೇಲೆ ಪಂಚಾಯತಿನ ನರ್ಸ್ ಮನೆಮನೆಗೆ ಹೋಗುವ ಪದ್ಧತಿ ಇಲ್ಲಿ ಬೇರೂರಿದೆ. ಆಸುಪಾಸಿನ ಇನ್ನೊಬ್ಬ ರೋಗಿಯನ್ನು ನೋಡಲು ಬಂದ ನರ್ಸ್ ಇಲ್ಲಿಗೂ ಹಾಯ್ದರು. ಅವರು ಕನ್ನಡ, ತುಳು ಬಲ್ಲವರು.

"ಟೀಚರೇ, ಕೈ ಸ್ವಲ್ಪ ಎತ್ತಿ, ನೋಡುವ."

ಎಡ ಕಂಕುಳಿನ ಮಡಿಕೆಯಲ್ಲಿ ಹಸಿಹಸಿ ಕೆಂಪು, ನಡುವೆ ನೀರಲ್ಲಿ ನೆನೆದ ಬೆರಳಿನ ಹಾಗೆ ಬೆಳ್ಳಗಾದ ಚರ್ಮ, ಹುಳಿ ವಾಸನೆ. ಕೆಂಪಿನ ಅಂಚು ದಾಟಿ ಸಾಸಿವೆಕಾಳಿನಷ್ಟು ಪುಟ್ಟ ಪುಟ್ಟ ಗುಳ್ಳೆಗಳು ಚೆಲ್ಲಿಕೊಂಡಿದ್ದವು.

"ಕರೆಂಟಿನಿಂದ ಸುಟ್ಟದ್ದಲ್ವಾ ಸಿಸ್ಟರ್? ನಾಳೆಯಿಂದ ನಾಲ್ಕು ದಿನ ಹೋಗುವುದು ಬೇಡ ಎಂದು ಇವರು ಹೇಳ್ತಾ ಇದ್ದಾರೆ."

ಮನೆಯವರೆಲ್ಲ ಹಾಗೆಯೇ ನಂಬಿದ್ದರು. ಆ ನಂಬಿಕೆಯ ಮೇಲೆ ಚಿಕಿತ್ಸೆ ನಿಲ್ಲುವುದರಲ್ಲಿತ್ತು. ನರ್ಸ್ ಬಲಗೈಯನ್ನೂ ಎತ್ತಿಸಿದರು. ಬಲ ಕಂಕುಳಲ್ಲಿಯೂ ಅದೇ ಕೆಂಪು, ಅಂಚಿನಾಚೆ ಅದೇ ಗುಳ್ಳೆ, ತುಸು ಕಡಿಮೆ ಅಷ್ಟೆ. ಬಲಗಡೆಗೆ ಒಂದು ದಿನವೂ ಕಿರಣ ಬಿದ್ದಿಲ್ಲ. ಅಂದ ಮೇಲೆ ಇದು ಕಿರಣದ ಸುಡುವಿಕೆ ಆಗಿರಲು ಸಾಧ್ಯವಿಲ್ಲ.

ಇನ್ನೆರಡು ಸುಳಿವುಗಳೂ ಇದ್ದವು. ಕಿರಣದಿಂದ ಚರ್ಮ ಕೆಂಪಾಗುವುದು ಸಾಮಾನ್ಯವಾಗಿ ಎರಡನೇ, ಮೂರನೇ ವಾರದಲ್ಲಿ ಮೆಲ್ಲಗೆ ಶುರುವಾಗಿ, ಕೊನೆಯ ಸಿಟ್ಟಿಂಗ್ ಮುಗಿದು ಒಂದೆರಡು ವಾರದಲ್ಲಿ ಜೋರಾಗುತ್ತದೆ. ಒಂಬತ್ತನೇ ಸಿಟ್ಟಿಂಗಿಗೇ ಇಷ್ಟು ಹಸಿಯಾಗುವುದು ತೀರಾ ಬೇಗ. ಕಿರಣದ ಕೆಂಪಿಗೆ ಗೆರೆ ಎಳೆದಂಥ ಅಂಚೂ ಇರುತ್ತದೆ, ಯಂತ್ರ ಎಲ್ಲಿಯವರೆಗೆ ನೋಡುತ್ತದೋ ಅಲ್ಲಿಯವರೆಗೆ. ಅಂಚು ದಾಟಿ ಚೆಲ್ಲಿಕೊಂಡ ಗುಳ್ಳೆ ಶಿಲೀಂಧ್ರದ ಗುರುತು.

ಮರುದಿನ ಆಸ್ಪತ್ರೆಯಲ್ಲಿ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಯಾಂಡಿಡಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ ಕಂಡಿತು. ಬೆಚ್ಚಗೆ, ಒದ್ದೆ, ಗಾಳಿಯಾಡದ ಮಡಿಕೆ ಅದಕ್ಕೆ ತವರು. ಕೀಮೋದಲ್ಲಿ ತಗ್ಗಿದ ರೋಗನಿರೋಧಕ ಶಕ್ತಿಯೂ ಕೀಮೋ ಜೊತೆಗೆ ಕೊಡುವ ಸ್ಟೀರಾಯ್ಡೂ ಅದಕ್ಕೆ ಇಂಬು ಕೊಡುತ್ತವೆ. ಸ್ಟೀರಾಯ್ಡ್ ಸಕ್ಕರೆಯನ್ನೂ ಏರಿಸುತ್ತದೆ. ಹೀಗಾಗಿ ರಕ್ತದ ಸಕ್ಕರೆ ನೋಡಿದರು: ಖಾಲಿ ಹೊಟ್ಟೆಯಲ್ಲಿ 112. ಮಧುಮೇಹ ಅಲ್ಲ, ಗಡಿಯ ಮೇಲಿದೆ ಎಂದು ಬರೆದುಕೊಂಡರು.

ಸೋಡಾದ ಪಾತ್ರ ತಿಳಿದದ್ದು ಆಮೇಲೆ. ಚರ್ಮದ ಮೇಲ್ಪದರ ಸ್ವಲ್ಪ ಹುಳಿ ಸ್ವಭಾವದ್ದು, ಪಿಎಚ್ 5ರ ಹತ್ತಿರ. ಸೋಡಾ ನೀರಿನದ್ದು 8ಕ್ಕೂ ಮೇಲೆ. ದಿನಾ ಹಚ್ಚಿದರೆ ಆ ಹುಳಿ ಕವಚ ಕರಗಿ ಚರ್ಮ ಬಿರಿಯುತ್ತದೆ. ಬಿರಿದದ್ದರ ಮೇಲೆ ಲಿಂಬೆಹುಳಿ ಬಿದ್ದರೆ ಸುಟ್ಟಂತೆಯೇ. ಉರಿಯಲಿಲ್ಲವೇ ಎಂದು ಕೇಳಿದಾಗ ಟೀಚರ್ ಹೇಳಿದ್ದು ಈ ಪ್ರಕರಣದ ಅತಿ ಮುಖ್ಯ ಮಾತು: "ಬಲಗಡೆ ಉರಿಯುತ್ತಿತ್ತು, ಅಲ್ಲಿ ಕಡಿಮೆ ಹಚ್ಚಿದೆ. ಎಡಗಡೆ ಏನೂ ಆಗುತ್ತಿರಲಿಲ್ಲ, ಅಲ್ಲಿ ಚೆನ್ನಾಗಿ ಹಚ್ಚಿದೆ."

ಎಡಗಡೆ ಏನೂ ಆಗದಿದ್ದದ್ದು ಚರ್ಮ ಗಟ್ಟಿಯಾಗಿದ್ದುದಕ್ಕಲ್ಲ. ಕಂಕುಳಿನ ಗ್ರಂಥಿ ತೆಗೆಯುವಾಗ ಅಲ್ಲಿ ಹಾದುಹೋಗುವ ಒಂದು ಸಣ್ಣ ನರಕ್ಕೆ ಪೆಟ್ಟಾಗುವುದು, ಕೆಲವೊಮ್ಮೆ ಕತ್ತರಿಸಿಹೋಗುವುದು ಮಾಮೂಲು. ಕಂಕುಳು ಮತ್ತು ತೋಳಿನ ಒಳಬದಿಗೆ ಸ್ಪರ್ಶಜ್ಞಾನ ಕೊಡುವುದು ಅದೇ ನರ. ಅದು ಹೋದರೆ ಆ ಭಾಗ ಜೋಮು ಹಿಡಿದಂತೆ ಉಳಿಯುತ್ತದೆ. ಹೀಗೆ ಅತಿ ಹೆಚ್ಚು ಜೋಪಾನ ಬೇಕಿದ್ದ ಬದಿಯೇ ನೋವು ಹೇಳಲಾರದ ಬದಿಯಾಗಿತ್ತು. ಶಸ್ತ್ರಚಿಕಿತ್ಸೆಯಾದವರಿಗೆ ಡಿಸ್ಚಾರ್ಜ್ ದಿನವೇ ಹೇಳಬೇಕಾದ ವಿಷಯ ಇದು: ಆ ಕಂಕುಳನ್ನು ಕನ್ನಡಿ ಹಿಡಿದು ಕಣ್ಣಿನಿಂದ ನೋಡಿ, ಉರಿ ಇದೆಯಾ ಇಲ್ಲವಾ ಎಂಬುದನ್ನು ನಂಬಬೇಡಿ. ಕೂದಲು ತೆಗೆಯಲೂ ಬ್ಲೇಡ್ ಬೇಡ, ಗಾಯವಾದರೆ ಗೊತ್ತಾಗುವುದಿಲ್ಲ. ಗ್ರಂಥಿ ತೆಗೆದ ತೋಳಿಗೆ ಸಣ್ಣ ಗಾಯದಿಂದ ಸೋಂಕು ಹತ್ತಿದರೆ ಬಾವು ಬಂದು ನಿಲ್ಲುವ ಅಪಾಯವೂ ಇದೆ. ಬ್ಯಾಟರಿಯ ಟ್ರಿಮ್ಮರ್ ಸಾಕು.

ತೆಗೆದುಕೊಂಡ ತೀರ್ಮಾನಗಳು

ಮೊದಲನೆಯದು, ಸಿಟ್ಟಿಂಗ್ ನಿಲ್ಲಿಸಬಾರದು. ನಡುವೆ ದಿನಗಳು ತಪ್ಪಿದರೆ ಚಿಕಿತ್ಸೆಯ ಲೆಕ್ಕ ಸಡಿಲಾಗುತ್ತದೆ. ಯೀಸ್ಟಿಗೆ ಮದ್ದು ಇದೆ, ಅದನ್ನು ಹಚ್ಚಿಕೊಂಡೇ ಮುಂದುವರಿಯಬಹುದು ಎಂದು ರೇಡಿಯೇಶನ್ ಡಾಕ್ಟರ್ ನಿರ್ಧರಿಸಿದರು.

ಮದ್ದು ಕ್ಲೋಟ್ರಿಮಜೋಲ್ 1% ಕ್ರೀಮ್. ಒಂದು ಕಂಕುಳಿಗೆ ಬಟಾಣಿ ಕಾಳಿನಷ್ಟು, ದಿನಕ್ಕೆ ಎರಡು ಸಲ, ಒಂದು ಸಲ ಸಿಟ್ಟಿಂಗ್ ಮುಗಿದ ಮೇಲೆ, ಇನ್ನೊಂದು ಸಲ ಮಲಗುವ ಮೊದಲು. ಕೆಂಪು ಹೋದ ಮೇಲೂ ಒಂದು ವಾರ. ಮೊದಲ ಎರಡು ದಿನ ಟೀಚರ್ ಬೇಗ ವಾಸಿಯಾಗಲೆಂದು ದಪ್ಪಕ್ಕೆ ಹಚ್ಚಿದರು, ಮಡಿಕೆ ಇನ್ನಷ್ಟು ಒದ್ದೆಯಾಯಿತು. ಕ್ರೀಮ್ ಚರ್ಮದಲ್ಲಿ ಇಂಗಿ ಕಾಣದಂತಾಗಬೇಕು. ಬಿಳಿ ಕಾಣುತ್ತಿದ್ದರೆ ಹೆಚ್ಚಾಯಿತು ಎಂದೇ ಅರ್ಥ.

ಸ್ನಾನದ ಕ್ರಮವನ್ನು ಪೂರ್ತಿ ಮರಳಿ ಕಟ್ಟಬೇಕಾಯಿತು. ದಿನಕ್ಕೆರಡು ಬಾರಿ, ಉಗುರು ಬೆಚ್ಚಗಿನದಕ್ಕಿಂತ ಬಿಸಿಯಾಗದ ನೀರು. ಪರಿಮಳ ಕಡಿಮೆ ಇರುವ ಮೃದು ಸಾಬೂನನ್ನು ಅಂಗೈಯಲ್ಲೇ ನೊರೆ ಮಾಡಿ ಕೈಯಿಂದ ಸವರಿ ತೊಳೆಯುವುದು. ತೆಂಗಿನ ನಾರು, ಸ್ಕ್ರಬ್ಬರ್ ಹತ್ತಿರವೂ ಸುಳಿಯಬಾರದು. ಆಮೇಲೆ ಮೆತ್ತಗಿನ ಹತ್ತಿ ಬಟ್ಟೆಯನ್ನು ಒತ್ತಿ ಹಿಡಿದು ನೀರು ಹೀರಿಸುವುದು. ಒತ್ತಿ, ತೆಗೆದು, ಬಟ್ಟೆಯ ಒಣ ಜಾಗ ತಿರುಗಿಸಿ ಮತ್ತೆ ಒತ್ತಿ, ಹೀಗೆ ಮೂರ್ನಾಲ್ಕು ಸಲ. ಕೊನೆಗೆ ಕೈಯನ್ನು ತಲೆಯ ಮೇಲಿಟ್ಟುಕೊಂಡು ಫ್ಯಾನಿನ ಕೆಳಗೆ ಹತ್ತು ನಿಮಿಷ. ಶಸ್ತ್ರಚಿಕಿತ್ಸೆಯಾದ ಕೈ ಪೂರ್ತಿ ಮೇಲೆ ಹೋಗದಿದ್ದರೆ ಮಲಗಿ, ದಿಂಬಿನ ಮೇಲೆ ಕೈ ಚಾಚಬಹುದು. ಭುಜ ಸೆಡೆಯದಿರಲು ಹೇಳಿಕೊಡುವ ವ್ಯಾಯಾಮವೂ ಇದೇ ಭಂಗಿಯಲ್ಲಿ ಆಗಿಬಿಡುತ್ತದೆ.

ಗೆರೆಗಳ ಹೆದರಿಕೆ ಒಂದು ಪ್ರಶ್ನೆಯಲ್ಲಿ ಮುಗಿಯಿತು. ಟೆಕ್ನಿಷಿಯನನ್ನು ಕೇಳಿದಾಗ ಅವರು ಹೇಳಿದ್ದು: ನೀರು, ಸಾಬೂನಿನ ನೊರೆ ಬಿದ್ದರೆ ತೊಂದರೆ ಇಲ್ಲ, ಉಜ್ಜಬಾರದು ಅಷ್ಟೆ. ಮಾಸಿದರೆ ಬಂದ ದಿನ ನಾವೇ ಮತ್ತೆ ಹಾಕುತ್ತೇವೆ, ಮನೆಯಲ್ಲಿ ಪೆನ್ನಿನಿಂದ ತಿದ್ದಲು ಮಾತ್ರ ಹೋಗಬೇಡಿ.

ಇನ್ನು ಉಳಿದದ್ದು ಪ್ರಯಾಣದ ಎರಡು ತಾಸಿನ ಸಮಸ್ಯೆ. ಮಡಿಕೆಯಲ್ಲಿ ಚರ್ಮಕ್ಕೆ ಚರ್ಮ ತಾಗದಂತೆ ನಡುವೆ ಬಟ್ಟೆ ಇಡುವುದು ಒಳ್ಳೆಯದು, ಆದರೆ ಯಾವ ಬಟ್ಟೆ ಎಂಬುದರಲ್ಲಿ ಎರಡು ಸಲ ತಪ್ಪಾಯಿತು. ಬೈರಾಸಿನ ತುಂಡು ದಪ್ಪವಾಗಿ ಉಜ್ಜಿತು. ಔಷಧಿ ಅಂಗಡಿಯ ಗಾಜ್ ಬೆವರಿಗೆ ಅಂಟಿ ತೆಗೆಯುವಾಗ ಚರ್ಮ ಎಳೆಯಿತು. ಕೊನೆಗೆ ಹಿಡಿಸಿದ್ದು ಒಗೆದು ಒಗೆದು ಜಾಳಾದ ಹಳೆಯ ಪಂಚೆಯ ಬಟ್ಟೆ. ಅಂಗೈ ಅಗಲಕ್ಕೆ ಕತ್ತರಿಸಿ, ಒಂದೇ ಮಡಿಕೆ, ಹೊಲಿಗೆಯ ಅಂಚು ಇಲ್ಲದ್ದು. ದಿನಕ್ಕೆ ಎಂಟು ತುಂಡು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೋಗುತ್ತಿದ್ದವು, ಒದ್ದೆಯಾದದ್ದನ್ನು ಹಾಕಲು ಇನ್ನೊಂದು ಡಬ್ಬಿ. ಎರಡು ತಾಸಿಗೊಮ್ಮೆ ಬದಲು. ಮನೆಗೆ ಬಂದು ಬಿಸಿ ನೀರಲ್ಲಿ ಸಾಬೂನು ಹಾಕಿ ಒಗೆದು ಬಿಸಿಲಿಗೆ. ಪಾಲಿಯೆಸ್ಟರ್ ರವಿಕೆಗಳನ್ನು ಕಪಾಟಿಗೆ ಸೇರಿಸಿ, ಕಂಕುಳಲ್ಲಿ ಎರಡು ಇಂಚು ಸಡಿಲ ಬಿಟ್ಟ ಹತ್ತಿ ರವಿಕೆ ಮೂರು ಹೊಲಿಸಿದರು. ಪಾಲಿಯೆಸ್ಟರ್ ಬೆವರಿನ ಎಣ್ಣೆಯಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಗೆದ ಮೇಲೂ ಮೈಶಾಖಕ್ಕೆ ನಾತ ಮತ್ತೆ ಏಳುತ್ತದೆ. ಎಷ್ಟೋ ಸಲ ಮೈಯದ್ದೆಂದುಕೊಂಡ ನಾತ ಬಟ್ಟೆಯದ್ದಾಗಿರುತ್ತದೆ. ಪೌಡರ್ ಬೇಡವೆಂದ ಚೀಟಿಯ ಮಾತನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು: ಒದ್ದೆ ಮಡಿಕೆಯಲ್ಲಿ ಪೌಡರ್ ಮುದ್ದೆ ಕಟ್ಟಿ ಮರಳಿನಂತೆ ಉಜ್ಜುತ್ತದೆ.

ರೋಲ್-ಆನ್ ಪ್ರಶ್ನೆ

ಡಿಯೋಡರೆಂಟ್ ಬೇಡ ಎನ್ನುವ ಹಳೆಯ ಎಚ್ಚರಿಕೆಗೆ ಒಂದು ಕಾರಣವಿತ್ತು. ಬೆವರು ತಡೆಯುವ ಉತ್ಪನ್ನಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಲೋಹದ ಕಣಕ್ಕೆ ಕಿರಣ ಬಡಿದರೆ ಚದುರಿ ಚರ್ಮದ ಮೇಲೆ ಬೀಳುವ ಪ್ರಮಾಣ ಹೆಚ್ಚೀತು ಎಂಬ ಶಂಕೆ. ಈಗಿನ ಯಂತ್ರಗಳ ಕಿರಣ ಚರ್ಮವನ್ನು ಬಹುಪಾಲು ದಾಟಿ ಒಳಗೆ ಹೋಗಿ ಕೆಲಸ ಮಾಡುತ್ತದೆ, ಹಚ್ಚುವ ಲವಣವೂ ತೀರಾ ತೆಳು. ಶಂಕೆಯನ್ನು ಪರೀಕ್ಷಿಸಿಯೂ ನೋಡಿದ್ದಾರೆ. 2012ರಲ್ಲಿ ಕೆನಡಾದಲ್ಲಿ 198 ಮಹಿಳೆಯರಲ್ಲಿ, 2014ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ 333 ಮಹಿಳೆಯರಲ್ಲಿ ಪ್ರಕಟವಾದ ಹೋಲಿಕೆ ಅಧ್ಯಯನಗಳಲ್ಲಿ, ಅಲ್ಯೂಮಿನಿಯಂ ಇರುವುದನ್ನು ಹಚ್ಚಿಕೊಂಡವರ ಕಂಕುಳಿನ ಚರ್ಮ ಹಚ್ಚದವರಿಗಿಂತ ಹೆಚ್ಚು ಹಾಳಾಗಲಿಲ್ಲ. 2018ರಲ್ಲಿ ಬಂದ ಅಳತೆಯ ಅಧ್ಯಯನವೊಂದು, ಮುಲಾಮಿನ ಒಂದೆರಡು ಮಿಲಿಮೀಟರ್ ಪದರದಿಂದ ಚರ್ಮಕ್ಕೆ ಬೀಳುವ ಕಿರಣ ಹೆಚ್ಚುವುದಿಲ್ಲ, 3 ಮಿಲಿಮೀಟರ್ ಮತ್ತು ಅದಕ್ಕೂ ದಪ್ಪ ಮೆತ್ತಿದರೆ ಹೆಚ್ಚುತ್ತದೆ ಎಂದು ತೋರಿಸಿತು. ಸಿಟ್ಟಿಂಗಿಗೆ ಮೊದಲು ದಪ್ಪಗೆ ಏನನ್ನೂ ಮೆತ್ತಬೇಡಿ ಎನ್ನಲು ಅಷ್ಟು ಆಧಾರ ಇದೆ. ನಾಲ್ಕು ವಾರ ಬೆವರಿನಲ್ಲಿ ಕೊಳೆಯಿರಿ ಎನ್ನಲು ಆಧಾರ ಇಲ್ಲ.

ಟೀಚರ ಮನಸ್ಸಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇತ್ತು. ಹನ್ನೆರಡು ವರ್ಷದಿಂದ ರೋಲ್-ಆನ್ ಹಚ್ಚಿದ್ದಾರೆ, ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ರವಿಕೆ ಒದ್ದೆ ಕಾಣಬಾರದೆಂದು. ಕಾಯಿಲೆ ಬಂದದ್ದು ಅದರಿಂದಲೇ ಎಂದು ಎಂಟು ತಿಂಗಳು ಒಳಗೊಳಗೇ ಬೆಂದಿದ್ದರು. ಆ ವಾಟ್ಸಾಪ್ ಸಂದೇಶ ಹೇಳಿದ್ದು, ಬೆವರು ನಿಂತರೆ ಮೈಯ ವಿಷ ಕಂಕುಳಿನ ಗ್ರಂಥಿಯಲ್ಲಿ ಕೂಡಿ ಗಡ್ಡೆ ಕಟ್ಟುತ್ತದೆ ಎಂದು. ಬೆವರಿನ ಗ್ರಂಥಿ ಚರ್ಮದಲ್ಲಿದೆ, ಅದರ ಕೊಳವೆ ತೆರೆಯುವುದು ಹೊರಕ್ಕೆ. ದುಗ್ಧಗ್ರಂಥಿ ಒಳಗಿದೆ, ಅದಕ್ಕೂ ಇದಕ್ಕೂ ದಾರಿಯೇ ಇಲ್ಲ. ಮೈಯ ಕಸ ಹೊರಹಾಕುವ ಕೆಲಸ ಮೂತ್ರಪಿಂಡ, ಯಕೃತ್ತುಗಳದ್ದು. 2002ರಲ್ಲಿ ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದವರು ಸ್ತನ ಕ್ಯಾನ್ಸರ್ ಇದ್ದ 813 ಮತ್ತು ಇಲ್ಲದ 793 ಮಹಿಳೆಯರನ್ನು ಕೇಳಿ ಹೋಲಿಸಿದಾಗ, ಡಿಯೋಡರೆಂಟಿಗೂ ಕಾಯಿಲೆಗೂ ನಂಟು ಕಾಣಲಿಲ್ಲ. ಕ್ಷೌರ ಮಾಡಿದ ಒಂದು ಗಂಟೆಯೊಳಗೆ ಹಚ್ಚಿಕೊಂಡವರಲ್ಲೂ ಕಾಣಲಿಲ್ಲ. ಚರ್ಮದ ಮೂಲಕ ಒಳಸೇರುವ ಅಲ್ಯೂಮಿನಿಯಂ ಎಷ್ಟೆಂದು 2001ರಲ್ಲಿ ಇಬ್ಬರಲ್ಲಿ ಅಳೆದಾಗ ಸಿಕ್ಕಿದ್ದು ಹಚ್ಚಿದ್ದರ 0.012%. ಈ ಮಾತುಗಳನ್ನು ಅವರ ಮನೆಯ ಜಗಲಿಯಲ್ಲಿ, ಗಂಡನೂ ಅತ್ತಿಗೆಯೂ ಕೂತಿರುವಾಗಲೇ ನಿಧಾನಕ್ಕೆ ಹೇಳಲಾಯಿತು. ತಪ್ಪು ತನ್ನದಲ್ಲ ಎಂಬುದು ರೋಗಿಗೆ ಒಬ್ಬರಿಗೇ ತಿಳಿದರೆ ಸಾಲದು, ಮನೆಗೂ ತಿಳಿಯಬೇಕು.

ಹಾಗಾದರೆ ಹಚ್ಚಬೇಕೆ, ಬೇಡವೆ? ಇಲ್ಲಿ ಎರಡು ಕಂಕುಳಿಗೆ ಎರಡು ಉತ್ತರ ಬಂತು.

ಬಲಗಡೆ ಹತ್ತು ದಿನದಲ್ಲಿ ಚರ್ಮ ಶುಭ್ರವಾಯಿತು. ಕ್ರೀಮಿನ ವಾರ ಮುಗಿದ ಮೇಲೆ ಹಳೆಯ ರೋಲ್-ಆನ್ ಮರಳಿ ಬಂತು, ಹೊತ್ತು ಮಾತ್ರ ಬದಲಾಯಿತು. ಇಷ್ಟು ವರ್ಷ ಅವರು ಬೆಳಗ್ಗೆ ಸ್ನಾನವಾದ ಕೂಡಲೇ ಹಸಿ ಚರ್ಮಕ್ಕೆ ಹಚ್ಚಿ ಓಡುತ್ತಿದ್ದರು. ಅಲ್ಯೂಮಿನಿಯಂ ಲವಣ ಕೆಲಸ ಮಾಡುವುದು ಬೆವರಿನ ಕೊಳವೆಯ ಬಾಯಲ್ಲಿ ಗಟ್ಟಿಯಾಗಿ ಕೂತು. ಬೆವರು ಹರಿಯುತ್ತಿರುವಾಗ ಅದು ಕೂರುವುದಿಲ್ಲ, ಕೊಚ್ಚಿಹೋಗುತ್ತದೆ. ನೀರು ಸೇರಿದರೆ ತುರಿಕೆಯೂ ಹೆಚ್ಚು. ರಾತ್ರಿ, ಪೂರ್ತಿ ಒಣಗಿದ ಚರ್ಮಕ್ಕೆ, ಎರಡು ಸಲ ಉರುಳಿಸಿದರೆ ಸಾಕು. ಬೆಳಗ್ಗೆ ಸ್ನಾನ ಮಾಡಿದರೂ ಪರಿಣಾಮ ಉಳಿಯುತ್ತದೆ. ಎರಡೂ ಕಡೆ ನಾತ ಎಂದುಕೊಂಡಿದ್ದವರಿಗೆ ಬಲಗಡೆ ಸರಿಹೋದ ಮೇಲೆ ಮುಕ್ಕಾಲು ಪಾಲು ತೊಂದರೆ ಹೋಯಿತು. ಹದಿನೇಳನೇ ಸಿಟ್ಟಿಂಗಿನ ದಿನ ರೈಲಿನಲ್ಲಿ ಕೂತು ಹೋದರು.

ಎಡಗಡೆಗೆ ಹಚ್ಚಲು ಡಾಕ್ಟರರ ಒಪ್ಪಿಗೆ ಇತ್ತು, ಚರ್ಮ ಒಡೆಯದಿದ್ದರೆ ಎಂಬ ಷರತ್ತಿನ ಮೇಲೆ. ಆದರೂ ಹಚ್ಚಲಿಲ್ಲ. ಈಗಷ್ಟೇ ಸೋಂಕು ಇಳಿದ, ಉರಿ ಗೊತ್ತಾಗದ ಚರ್ಮ. ಅಲ್ಲಿ ಬೆವರೂ ಕಡಿಮೆಯಾಗಿತ್ತು. ತೊಳೆದು ಒಣಗಿಸುವುದರಿಂದಲೇ ಕೆಲಸ ನಡೆಯುತ್ತಿರುವಾಗ ಇನ್ನೊಂದನ್ನು ಸೇರಿಸುವ ಅಗತ್ಯ ಕಾಣಲಿಲ್ಲ. ಆ ತೀರ್ಮಾನ ಸರಿಯಾಗಿತ್ತು ಎಂದು ನಮಗೆ ಈಗಲೂ ಅನಿಸುತ್ತದೆ. ಕೊನೆಯ ಸಿಟ್ಟಿಂಗ್ ಕಳೆದು ಎಂಟು ದಿನಕ್ಕೆ, ಮೇ ತಿಂಗಳ ಆರಂಭದಲ್ಲಿ, ಎಡ ಮಡಿಕೆಯಲ್ಲಿ ಎರಡು ರೂಪಾಯಿ ನಾಣ್ಯದಗಲ ಚರ್ಮ ಸುಲಿದು ನೀರಾಡಿತು. ಈ ಬಾರಿ ಅದು ನಿಜಕ್ಕೂ ಕಿರಣದ್ದು: ಅಂಚು ನೇರ, ಗುಳ್ಳೆ ಇಲ್ಲ, ಬಲಗಡೆ ಶುಭ್ರ. ಸಲೈನಿನಲ್ಲಿ ತೊಳೆದು ಅಂಟದ ಡ್ರೆಸಿಂಗ್ ಇಟ್ಟು ಮೂರು ವಾರದಲ್ಲಿ ಮಾಗಿತು. ಹಸಿ ಗಾಯದ ಮೇಲೆ ಯಾವ ಡಿಯೋಡರೆಂಟೂ ಸಲ್ಲದು, ಸ್ಪಿರಿಟ್ ಇರುವ ಸ್ಪ್ರೇ ಅಂತೂ ಬೇಡವೇ ಬೇಡ.

ಜೂನ್

ಶಾಲೆ ತೆರೆಯಿತು, ಟೀಚರ್ ಕೆಲಸಕ್ಕೆ ಹೋದರು. ಮಳೆಗಾಲದಲ್ಲಿ ಬೆವರಿನ ಕಾಟ ಮುಗಿದೀತು ಎಂದುಕೊಂಡಿದ್ದರು. ಮೇ ಮೊದಲ ವಾರ ಶುರುವಾಗಿದ್ದ ಟಾಮೋಕ್ಸಿಫೆನ್ ಬೇರೊಂದು ಬೆವರನ್ನು ತಂದಿತು. ಎದೆಯಿಂದ ಬಿಸಿ ಎದ್ದು ಮುಖಕ್ಕೇರುವುದು, ಎರಡು ನಿಮಿಷದಲ್ಲಿ ಮೈ ತೊಯ್ಯುವುದು, ರಾತ್ರಿ ಎರಡು ಸಲ ನೈಟಿ ಬದಲಿಸುವುದು. ಈ ಬೆವರು ಕಂಕುಳಿನದಲ್ಲ, ಮೆದುಳಿನ ಶಾಖ ನಿಯಂತ್ರಣ ಏರುಪೇರಾದದ್ದು. ಇದನ್ನು ಯಾವ ರೋಲ್-ಆನೂ ತಡೆಯುವುದಿಲ್ಲ.

ಅವರು ಮಾತ್ರೆಯನ್ನೇ ನಿಲ್ಲಿಸಿದರು, ಹನ್ನೊಂದು ದಿನ. ಯಾರಿಗೂ ಹೇಳಲಿಲ್ಲ. ಮನೆಭೇಟಿಯಲ್ಲಿ ಮಾತ್ರೆಯ ಹಾಳೆ ಎಣಿಸಿದಾಗ ಗೊತ್ತಾಯಿತು. ಅಷ್ಟರಲ್ಲಿ ಹತ್ತಿರದ ಕ್ಲಿನಿಕ್ಕೊಂದರಲ್ಲಿ ಬಿಸಿ ಏಳುವುದಕ್ಕೆಂದು ಫ್ಲೂಯೊಕ್ಸೆಟಿನ್ ಎಂಬ ಖಿನ್ನತೆಯ ಮದ್ದನ್ನು ಬರೆದುಕೊಟ್ಟಿದ್ದರು. ಟಾಮೋಕ್ಸಿಫೆನ್ ಕೆಲಸ ಮಾಡುವುದು ಯಕೃತ್ತಿನಲ್ಲಿ ಇನ್ನೊಂದು ರೂಪಕ್ಕೆ ಬದಲಾದ ಮೇಲೆ. ಫ್ಲೂಯೊಕ್ಸೆಟಿನ್, ಪ್ಯಾರೊಕ್ಸೆಟಿನ್‌ಗಳು ಆ ಬದಲಾವಣೆಯ ಕಿಣ್ವವನ್ನೇ ಅಡಗಿಸುತ್ತವೆ. ಕ್ಯಾನ್ಸರ್ ಡಾಕ್ಟರ್ ಅದನ್ನು ತಪ್ಪಿಸಿ ವೆನ್ಲಾಫ್ಯಾಕ್ಸಿನ್ ಕೊಟ್ಟರು, ಒಂದು ವಾರ 37.5 ಮಿಲಿಗ್ರಾಂ, ಆಮೇಲೆ 75. ಮೂರನೇ ವಾರಕ್ಕೆ ರಾತ್ರಿ ನೈಟಿ ಬದಲಿಸುವುದು ನಿಂತಿತು. ಟಾಮೋಕ್ಸಿಫೆನ್ ಮತ್ತೆ ತಪ್ಪಲಿಲ್ಲ. ಒಂದು ಎಚ್ಚರ ಇಲ್ಲಿ ಹೇಳಲೇಬೇಕು: ಕೀಮೋ ನಡೆಯುತ್ತಿರುವವರಿಗೆ ಬೆವರಿನ ಜೊತೆ ಚಳಿಯೋ, 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲಿನ ಜ್ವರವೋ ಇದ್ದರೆ ಬೆಳಗಾಗಲೆಂದು ಕಾಯಬಾರದು, ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ದಿಗಿಲೂ ಇತ್ತು. ಬಿಸಿ ಎದ್ದಾಗ ಬಲ ಕಂಕುಳು ತೊಯ್ದರೂ ಎಡಗಡೆ ಒಣಗಿಯೇ ಇರುತ್ತಿತ್ತು, ಕೂದಲೂ ಮೂಡಲಿಲ್ಲ. ಒಳಗೆ ಏನೋ ಕಟ್ಟಿಕೊಂಡಿದೆ ಎಂದು ಅವರು ಹೆದರಿದ್ದರು. ಕಿರಣ ಬಿದ್ದ ಜಾಗದ ಬೆವರಿನ ಗ್ರಂಥಿಗಳೂ ಕೂದಲ ಬುಡಗಳೂ ಸೊರಗುತ್ತವೆ, ನರಕ್ಕೆ ಪೆಟ್ಟಾದರೂ ಬೆವರು ತಗ್ಗುತ್ತದೆ. ಎಷ್ಟೋ ಜನರಲ್ಲಿ ಅದು ಹಾಗೆಯೇ ಉಳಿಯುತ್ತದೆ. ಅಂಥ ಚರ್ಮಕ್ಕೆ ಬೇಕಾದದ್ದು ಪರಿಮಳವಿಲ್ಲದ ತೇವದ ಕ್ರೀಮ್.

ಚೀಟಿ ಬದಲಾದದ್ದು

ಈ ಪ್ರಕರಣದ ನಂತರ ನಾವು ಒಂದು ಕನ್ನಡ ಚೀಟಿ ಬರೆದೆವು. 'ಉಜ್ಜಬೇಡಿ, ಒತ್ತಿ ಒರಸಿ' ಎಂಬುದು ಅದರ ಮೊದಲ ಸಾಲು. ಎಡವೋ ಬಲವೋ ಎಂದು ಗುರುತು ಹಾಕಲು ಎರಡು ಚೌಕ. ಕೊಡುವಾಗ, ಮನೆಗೆ ಹೋಗಿ ಏನು ಮಾಡುತ್ತೀರಿ ಎಂದು ರೋಗಿಯ ಬಾಯಲ್ಲೇ ಹೇಳಿಸಿ ಕೇಳುವುದು ಈಗ ಕಡ್ಡಾಯ. ಮಲೆಯಾಳದಲ್ಲಿ ಮಾತಾಡಬಲ್ಲವರಿಗೆ ಮಲೆಯಾಳ ಚೀಟಿ ಸಾಕು ಎಂದುಕೊಂಡದ್ದು ನಮ್ಮ ಕಡೆಯ ತಪ್ಪು, ಅದನ್ನು ಮುಚ್ಚಿಡಬಾರದು. ಹಿಂದಿನ ಅಷ್ಟೂ ಭೇಟಿಗಳಲ್ಲಿ ಬಾಯಿಹುಣ್ಣು, ವಾಂತಿ, ನಿದ್ದೆ ಎಲ್ಲವನ್ನೂ ಕೇಳಿದ್ದೆವು, ಬೆವರನ್ನು ಕೇಳಿರಲಿಲ್ಲ. ಈಗ ಆ ಪ್ರಶ್ನೆಯೂ ಪಟ್ಟಿಯಲ್ಲಿದೆ: ಕಂಕುಳಿಗೆ ಏನು ಹಚ್ಚುತ್ತೀರಿ? ಮನೆಮದ್ದನ್ನೂ ಸೇರಿಸಿ ಹೇಳಿ.

ಮರುವರ್ಷ ಫೆಬ್ರವರಿಯಲ್ಲಿ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಇತ್ತು. ಡಿಯೋಡರೆಂಟ್ ಖಂಡಿತ ಬೇಡ ಎನ್ನಬೇಕಾದ ದಿನ ಇದು, ಅದಕ್ಕೆ ಕಾರಣ ಬೇರೆ: ಅಲ್ಯೂಮಿನಿಯಮ್ಮಿನ ಮತ್ತು ಪೌಡರಿನ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಬಿದ್ದು, ಕಾಯಿಲೆಯ ಗುರುತಾದ ಸುಣ್ಣದ ಕಣಗಳ ಹಾಗೆಯೇ ಕಾಣಬಹುದು. ಎರಡು ತಾಸಿನ ರೈಲು, ಬೆವರು, ಏನೂ ಹಚ್ಚದೆ ಹೋಗುವುದು ಹೇಗೆ ಎಂದು ಟೀಚರ್ ಮೊದಲೇ ಫೋನ್ ಮಾಡಿ ಕೇಳಿದರು. ಹಿಂದಿನ ರಾತ್ರಿಯೂ ಹಚ್ಚಲಿಲ್ಲ. ಕೈಚೀಲದಲ್ಲಿ ಪಂಚೆಯ ತುಂಡುಗಳ ಡಬ್ಬಿ, ಸಣ್ಣ ಸಾಬೂನು, ಇನ್ನೊಂದು ರವಿಕೆ, ರೋಲ್-ಆನ್. ಆಸ್ಪತ್ರೆಯ ಬಚ್ಚಲಲ್ಲಿ ಎರಡೂ ಕಂಕುಳು ತೊಳೆದು ಒತ್ತಿ ಒರಸಿಕೊಂಡು ಯಂತ್ರದ ಮುಂದೆ ನಿಂತರು. ಚಿತ್ರ ತೆಗೆದಾದ ಮೇಲೆ ಬಟ್ಟೆ ಬದಲಿಸಿ, ಒಣಗಿದ ಬಲ ಕಂಕುಳಿಗೆ ಎರಡು ಸಲ ರೋಲ್-ಆನ್ ಉರುಳಿಸಿಕೊಂಡು ಸಂಜೆಯ ಗಾಡಿ ಹತ್ತಿದರು.